ಲಂಡನ್ನಿಗೆ ಹೋಗಾಕ ಐದೂವರೆ ತಾಸು, ಬರಾಕ ಹದಿನೈದೂವರೆ ತಾಸೇನ್ರೀ?

ಪ್ರಶ್ನೆ: ನಮಸ್ಕಾರ್ರೀ ಸರ್. ಜನವರಿಯೊಳಗ ಮಗಳ ಬಾಣಂತನಕ್ಕ ಲಂಡನ್ನಿಗೆ ಹೊಂಟೇನಿ, ಮಾರ್ಚ್ ಮೊದಲನೇ ವಾರ ವಾಪಸ್. ಅಳಿಯಾರು ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಬುಕ್ ಮಾಡ್ಯಾರ. ಹೋಗೂದು ಮಧ್ಯಾಹ್ನ 2ಕ್ಕ ಬಿಟ್ಟು ಅವತ್ತ ಸಂಜಿ 7:30ಕ್ಕ ಮುಟ್ಟತೈತಂತ, ಬರೂದು ರಾತ್ರಿ 8ಕ್ಕ ಬಿಟ್ಟು ಮರುದಿನ ಮುಂಜಾನೆ 11:30ಕ್ಕ. ಇದೇನ್ರೀ, ಪ್ರಿಂಟ್ ತಪ್ಪಾಗೇತೇನು?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ತಪ್ಪೇನಿಲ್ಲ ಅಕ್ಕಾರ. ಬಿಡೂ ಟೈಮ್ ಬಿಡೂ ಊರಿನ ಗಡಿಯಾರದ್ದು, ಮುಟ್ಟೂ ಟೈಮ್ ಮುಟ್ಟೂ ಊರಿಂದು, ಎರಡನ್ನೂ ಹಂಗ ಕಳದ್ರ ಲೆಕ್ಕ ಹತ್ತೂದಿಲ್ಲ. ಥಂಡಿ ದಿನದಾಗ ಲಂಡನ್ ನಮಗಿಂತ ಐದೂವರೆ ತಾಸು ಹಿಂದ. ಹೋಗೂಮುಂದ ಅಷ್ಟು ಕೂಡಸ್ರಿ, ಬರೂಮುಂದ ಕಳೀರಿ, 11 ತಾಸು ಮತ್ತ 10 ತಾಸು ಬಂತಲ್ಲ? ಮಾರ್ಚ್ ಕಡೀ ಐತವಾರ ಅವರು ಗಡಿಯಾರ ಒಂದ್ ತಾಸು ಮುಂದ ಮಾಡ್ತಾರ, ಆಮೇಲೆ ಬರೋರು ನಾಲ್ಕೂವರೆ ಹಿಡೀಬೇಕು.

ಆದ್ರೂ ಒಂದ್ ತಾಸಿನ ಫರಕ್ ಉಳೀತು ನೋಡ್ರಿ, ಅದು ಗಾಳಿ ಆಟ. 9ರಿಂದ 12 ಕಿ.ಮೀ. ಎತ್ತರದಾಗ ಜೆಟ್ ಸ್ಟ್ರೀಮ್ ಅಂತ ಜೋರ್ ಗಾಳಿ ಪಶ್ಚಿಮದಿಂದ ಪೂರ್ವಕ್ಕ ಬೀಸತೈತಿ, ಥಂಡಿಯಾಗಂತೂ ಇನ್ನೂ ಜೋರು. ವಿಮಾನದ ಸ್ಪೀಡ್ ತಾಸಿಗೆ 900 ಕಿ.ಮೀ. ಹಿಡೀರಿ, ಹೋಗೂಮುಂದ ಸರಾಸರಿ 60 ಕಿ.ಮೀ. ಎದುರುಗಾಳಿ ಸಿಕ್ರ ನೆಲದ ಲೆಕ್ಕದಾಗ 840 ಅಷ್ಟ, ಬರೂಮುಂದ ಅದ ಗಾಳಿ ಬೆನ್ನಿಗೆ ಬಿದ್ರ 960. ಬೆಂಗಳೂರು-ಲಂಡನ್ ನೇರ ದೂರ ಹತ್ರಹತ್ರ 8,000 ಕಿ.ಮೀ., ಅಂದ್ರ ಒಂಬತ್ತೂವರೆ ತಾಸು ಒಂದ್ ಕಡೆ, ಎಂಟು ತಾಸು ಇಪ್ಪತ್ತು ನಿಮಿಷ ಇನ್ನೊಂದ್ ಕಡೆ.

ಮತ್ತ 11 ಯಾಕ ಅಂತೀರಿ. ಟಿಕೆಟ್ಟಿನ ಟೈಮ್ ಗೇಟ್ ಬಿಟ್ಟಾಗಿಂದ ಗೇಟ್ ಮುಟ್ಟೂತನಕ, ರನ್‌ವೇಗೆ ಹೋಗಿ ಪಾಳಿ ಕಾಯೂದೂ ಅದರಾಗ ಬಂತು, ಲಂಡನ್ನಿನ ಹೀಥ್ರೂ ಏರ್‌ಪೋರ್ಟ್ ಮ್ಯಾಲೆ ಗದ್ದಲಿದ್ರ ಇಳಸೂ ಮೊದಲ ಗರಾಗರಾ ಸುತ್ತಸ್ತಾರ. ಮ್ಯಾಲೆ ದಾರಿನೂ ನೇರ ಇರಂಗಿಲ್ಲ. ಗ್ಲೋಬ್ ಮ್ಯಾಲೆ ದಾರ ಬಿಗದ ಹಿಡದ್ ನೋಡ್ರಿ, ಬೆಂಗಳೂರಿಂದ ಲಂಡನ್ನಿಗೆ ಹತ್ರದ ಗೆರಿ ಗದಗದ ಆಸುಪಾಸು, ಮುಂಬೈ, ಕರಾಚಿ ಕಡೆಯಿಂದ ಹೊಕ್ಕೈತಿ (ಹೌದ್ರೀ, ನೀವು ತೆಳಗ ಬೆಂಗಳೂರಿಗೆ ಹೋಗಿ ತಿರುಗಿ ನಮ್ಮ ಕಡೆನ ಬರೂದು). ಆದ್ರ 2025ರ ಏಪ್ರಿಲ್ 24ಕ್ಕ ಪಾಕಿಸ್ತಾನ ನಮ್ಮ ದೇಶದ ವಿಮಾನಕ್ಕ ತನ್ನ ಆಕಾಶ ಬಂದ್ ಮಾಡಿತು, ಹಂಗಾಗಿ ನಮ್ಮ ಕಂಪನಿಯವ್ರು ಅರಬ್ಬಿ ಸಮುದ್ರದ ಮ್ಯಾಲೆ ಸುತ್ತು ಹಾಕಬೇಕಾತು. ಬ್ಯಾರೆ ದೇಶದ ಕಂಪನಿಗೆ ಆ ಬಂದಿ ಇರಲಿಲ್ಲ, ಅದಕ್ಕ ಒಂದ ರೂಟಿಗೆ ಎರಡು ಕಂಪನಿ ಎರಡು ಟೈಮ್ ತೋರಸಿದ್ರ ಗಾಬರಿ ಆಗಬ್ಯಾಡ್ರಿ.

ಇದಕ್ಕಿಂತ ನನಗ ಚಿಂತಿ, ನೀವು ಅವತ್ತ ಮುಂಜಾನೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಫ್ಲೈಟ್ ಹಿಡಿಯೂದಿದ್ರ ಆ ಟಿಕೆಟ್ಟಿಂದು. ಗೋಕುಲ ರೋಡ್ ಏರ್‌ಪೋರ್ಟಿಂದ ಹಾರೂದು ತಾಸು-ಸವಾತಾಸಿನ ಮಾತು, ಖರೆ, ಆದ್ರ ಅದು ಬ್ಯಾರೆ ಪಿಎನ್‌ಆರ್ (ಅಂದ್ರ ಬ್ಯಾರೆ ಬುಕಿಂಗ್) ಇದ್ರ ಬೆಂಗಳೂರಾಗ ಲಗೇಜ್ ನೀವ ಇಳಿಸ್ಕೊಂಡು ತಿರುಗಿ ಚೆಕ್-ಇನ್ ಮಾಡಬೇಕು. ವಿದೇಶದ ಫ್ಲೈಟ್ ಟರ್ಮಿನಲ್ 2ರಿಂದ, ನಿಮ್ಮನ್ನ 1ಕ್ಕ ಇಳಿಸಿದ್ರ ಶಟಲ್ ಬಸ್ ಹಿಡೀಬೇಕು, ಬಾಣಂತನದ ಖಾರ-ಉಂಡಿ ಡಬ್ಬಿ ತಗೊಂಡು ಓಡಾಕ ಆಗೂದಿಲ್ಲ. ಇನ್ನ ಮುಂಜಾನೆ ಫ್ಲೈಟ್ ಲೇಟಾತಂದ್ರ ಲಂಡನ್ ವಿಮಾನ ನಿಮಗಾಗಿ ನಿಲ್ಲಂಗಿಲ್ಲ. ಹಿಂದಿನ ದಿನ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿಬಿಡ್ರಿ.