ಅಗಲ ಚಕ್ರ ಕೂರಿಸಲು ಪಿಕಪ್‌ನ ಹಿಂದಿನ ಆಕ್ಸಲ್ ಕತ್ತರಿಸಿ ಗಿಡ್ಡ ಮಾಡಿಸಬಹುದಾ?

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ನಿಮ್ಮ ಹಳೆಯ ಪಿಕಪ್‌ಗೆ 10 ಇಂಚಿನ ರಿಮ್ ಹಾಕಿಸಿದ್ದೀರಿ. ಹಿಂದಿನ ಟಯರ್ ಎರಡೂ ಬದಿ ಮಡ್‌ಗಾರ್ಡಿನಿಂದ 2 ಇಂಚು ಹೊರಗೆ ನಿಂತಿದೆ, ಮಳೆ ಬಂದರೆ ಕೆಸರೆಲ್ಲ ಬಾಡಿ ಮೇಲೆ. ಹೌಸಿಂಗ್ (ಆಕ್ಸಲ್‌ನ ಹೊರಗಿನ ಪೈಪ್ ಕವಚ) ಕತ್ತರಿಸಿ 4 ಇಂಚು ಕಮ್ಮಿ ಮಾಡಿಸಬಹುದಾ ಅಂತ.

ಮಾಡಬಹುದು. ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಲೇತ್ ಕೆಲಸ ಮಾಡುವವ. ಇದುವರೆಗೆ ಮೂರು ಹೌಸಿಂಗ್ ಕತ್ತರಿಸಿದ್ದೇನೆ, ಅದರಲ್ಲಿ ಒಂದನ್ನು ಹಾಳೂ ಮಾಡಿದ್ದೇನೆ. ಆದರೆ ನಿಮಗೆ ಈ ಕೆಲಸ ಬೇಕೇ ಬೇಕಾ ಅಂತ ನನಗೆ ಅನುಮಾನ.

ಮೊದಲು ಒಂದು ಚಕ್ರ ಬಿಚ್ಚಿ. 10 ಇಂಚಿನ ರಿಮ್ ಅಂದರೆ ಟಯರ್ ಕೂರುವ ಜಾಗ 10 ಇಂಚು. ಅಂಚಿನಿಂದ ಅಂಚಿಗೆ ಅಳೆದರೆ ಸುಮಾರು 11 ಬರುತ್ತದೆ. ಗಾಡಿಯ ಒಳಬದಿಗೆ ಬರುವ ಅಂಚಿನ ಮೇಲೆ ಒಂದು ನೇರ ಪಟ್ಟಿ ಇಡಿ. ಅಲ್ಲಿಂದ ಹಬ್‌ಗೆ ತಾಗಿ ಕೂರುವ ಮುಖದವರೆಗೆ ಎಷ್ಟಿದೆ ಅಂತ ನೋಡಿ. ಅದಕ್ಕೆ ಬ್ಯಾಕ್‌ಸ್ಪೇಸ್ ಅನ್ನುತ್ತಾರೆ. ಅದು ಮೂರೂವರೆ ಇಂಚು ಬಂತು ಅಂತಿಟ್ಟುಕೊಳ್ಳಿ. ಉಳಿದ ಏಳೂವರೆ ಇಂಚು ಹೊರಗೆ. ಅಷ್ಟೇ ಅಗಲದ, ಆದರೆ ಬ್ಯಾಕ್‌ಸ್ಪೇಸ್ ಐದೂವರೆ ಇರುವ ರಿಮ್ ಹಾಕಿದರೆ ಚಕ್ರ 2 ಇಂಚು ಒಳಗೆ ಹೋಗುತ್ತದೆ. ಹೌಸಿಂಗ್ 4 ಇಂಚು ಕತ್ತರಿಸಿದರೂ ಒಂದೊಂದು ಬದಿ ಒಳಗೆ ಹೋಗುವುದು ಆ 2 ಇಂಚೇ ಅಲ್ವಾ?

ಇಲ್ಲೇ ಜಾಸ್ತಿ ಜನ ಎಡವುವುದು. ಟಯರಿಗೆ ಸಿಗುವ ಜಾಗ ಚಕ್ರದ ಒಳಬದಿಗೆ ಇರುವ ತಗಡಿನ ಪ್ಲೇಟಿಗೂ ಹೊರಗಿನ ಮಡ್‌ಗಾರ್ಡಿಗೂ ನಡುವೆ ಇರುವಷ್ಟೇ. ಆಕ್ಸಲ್ ಗಿಡ್ಡ ಮಾಡಿದರೆ ಆ ಜಾಗ ಒಂದು ನೂಲೂ ಹೆಚ್ಚಾಗುವುದಿಲ್ಲ. ಟಯರ್ ಒಳಕ್ಕೆ ಸರಿದು ಪ್ಲೇಟಿಗೆ ಉಜ್ಜುತ್ತದೆ, ಅಷ್ಟೇ. ಆಗ ಪ್ಲೇಟನ್ನೂ ಒಳಗೆ ಸರಿಸಬೇಕು. ಅಂದರೆ ಚಾಸಿಸ್‌ಗೆ ಕೈ ಹಾಕಬೇಕು. ಗಾಡಿ ಒಂದು ಬದಿಗೆ ವಾಲಿದಾಗಲೂ ತಾಗಬಾರದು, ಹಾಗಾಗಿ ಎರಡೂ ಕಡೆ ಒಂದೊಂದು ಇಂಚಾದರೂ ಖಾಲಿ ಬಿಡಿ. ನಿಮ್ಮ ಟಯರ್ ಈ ಲೆಕ್ಕದಲ್ಲಿ ಕೂರದಿದ್ದರೆ ಆ ಟಯರೇ ಗಾಡಿಗೆ ದೊಡ್ಡದಾಯಿತು.

ಲೆಕ್ಕ ಸರಿ ಬಂದು, ಬೇಕಾದ ರಿಮ್ ಮಾತ್ರ ಸಿಗುತ್ತಿಲ್ಲ ಅಂತಾದರೆ ಆಕ್ಸಲ್ ಮಾತಿಗೆ ಬರೋಣ. ಎಲ್ಲರಿಗೂ ಹೌಸಿಂಗ್ ಪೈಪಿನದೇ ಚಿಂತೆ. ನಿಜವಾದ ತಲೆನೋವು ಒಳಗಿನ ಶಾಫ್ಟ್. ಅದನ್ನು ಗಿಡ್ಡ ಮಾಡಲು ತುದಿ ಕತ್ತರಿಸಿ ಹೊಸದಾಗಿ ಸ್ಪ್ಲೈನ್, ಅಂದರೆ ಗೇರಿಗೆ ಕಚ್ಚಿ ಕೂರುವ ಉದ್ದುದ್ದ ಹಲ್ಲು, ಕೊರೆಯಬೇಕು. ಎಷ್ಟೋ ಶಾಫ್ಟ್‌ಗಳು ಸ್ಪ್ಲೈನ್ ದಾಟಿದ ಕೂಡಲೇ ತೆಳ್ಳಗಾಗುತ್ತವೆ. ಹೊಸ ಹಲ್ಲು ಬರುವ ಜಾಗಕ್ಕೆ ವರ್ನಿಯರ್ ಹಿಡಿದು ದಪ್ಪ ಅಳೆಯಿರಿ. ಈಗಿನ ಸ್ಪ್ಲೈನ್‌ನ ಹೊರ ಅಳತೆಗಿಂತ ಕಮ್ಮಿ ಬಂದರೆ ಆ ಶಾಫ್ಟ್ ಕಥೆ ಮುಗಿಯಿತು. ದಪ್ಪ ಇದ್ದರೂ ಮೇಲ್ಪದರ ಹಾರ್ಡ್ ಮಾಡಿದ್ದು, ಸಾಮಾನ್ಯ ಟೂಲ್ ನಿಲ್ಲುವುದಿಲ್ಲ. ಆ ಪದರವನ್ನೇ ಕೆರೆದು ತೆಗೆದರೆ ಒಳಗಿನ ಮೆತ್ತಗಿನ ಕಬ್ಬಿಣಕ್ಕೆ ಹಲ್ಲು ಕೊರೆದ ಹಾಗೆ.

ಶಾಫ್ಟ್ ನಡುವೆ ಕತ್ತರಿಸಿ ವೆಲ್ಡ್ ಹೊಡೆದು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ ಮಾರಾಯ್ರೆ. ಸೆಮಿ ಫ್ಲೋಟಿಂಗ್ ಆಕ್ಸಲ್ ಆದರೆ ಚಕ್ರ ಬೋಲ್ಟ್ ಆಗಿರುವುದು ಶಾಫ್ಟಿಗೇ, ಗಾಡಿಯ ಭಾರವೂ ಅದರ ಮೇಲೆ. ತುಂಡಾದರೆ ಚಕ್ರವೇ ಕಳಚಿ ಹೋಗಬಹುದು. ಫುಲ್ ಫ್ಲೋಟಿಂಗ್‌ನಲ್ಲಿ ಭಾರ ಹೊರುವುದು ಹಬ್, ಶಾಫ್ಟ್ ತುಂಡಾದರೂ ಗಾಡಿ ಸುಮ್ನೆ ನಿಲ್ಲುತ್ತದೆ.

ಅಮೆರಿಕದವರು ಇದಕ್ಕೆ ಒಂದು ಚಂದದ ಉಪಾಯ ಮಾಡುತ್ತಾರೆ. ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲ್‌ನಲ್ಲಿ (ಅದು ಒಳಗಿನ ದೊಡ್ಡ ಕ್ರೌನ್ ಗೇರಿನ ಅಳತೆ) ಒಂದು ಬದಿಯ ಪೈಪ್ ಉದ್ದ, ಇನ್ನೊಂದು ಗಿಡ್ಡ. ಉದ್ದದ ಬದಿ ಮಾತ್ರ ಕತ್ತರಿಸಿ, ಎರಡೂ ಕಡೆ ಗಿಡ್ಡ ಬದಿಯ ಶಾಫ್ಟನ್ನೇ ಹಾಕುತ್ತಾರೆ. ಕಂಪನಿಯ ಶಾಫ್ಟ್, ಸ್ಪ್ಲೈನ್ ಕೊರೆಯುವ ಗೋಜೇ ಇಲ್ಲ. ನಿಮ್ಮ ಗಾಡಿಯ ಎರಡು ಶಾಫ್ಟ್ ಪಕ್ಕಪಕ್ಕ ಇಟ್ಟು ನೋಡಿ, ಯಾರಿಗೆ ಗೊತ್ತು.

ಈಗ ನಾನು ಹಾಳು ಮಾಡಿದ್ದು. ಕಾರ್ಕಳ ಕಡೆಯ ತೋಟದ ಜೀಪ್, ರಸ್ತೆಗೆ ಇಳಿಯುವುದಿಲ್ಲ. ಪೈಪ್ ಕತ್ತರಿಸಿ, ಹೊರಗಿನಿಂದ ಆಂಗಲ್ ಕಟ್ಟಿ, ಸುತ್ತಲೂ ಒಂದೇ ಉಸಿರಿಗೆ ವೆಲ್ಡ್ ಹೊಡೆದೆ. ಕಣ್ಣಿಗೆ ನೂಲು ಹಿಡಿದ ಹಾಗೆ ನೇರ. ಎರಡು ತಿಂಗಳಲ್ಲಿ ಎಡ ಚಕ್ರದ ಆಯಿಲ್ ಸೀಲ್ ಹೋಯಿತು, ಬ್ರೇಕ್ ಲೈನರ್ ಎಣ್ಣೆಯಲ್ಲಿ ಮುಳುಗಿತು, ಬೇರಿಂಗ್ ಗರಗರ. ವೆಲ್ಡ್ ತಣಿಯುವಾಗ ಪೈಪನ್ನು ಎಳೆದಿತ್ತು. ಆಮೇಲೆ ಬುದ್ಧಿ ಬಂತು. ಕ್ರೌನ್ ಬೇರಿಂಗ್ ಕೂರುವ ಜಾಗಕ್ಕೂ ಪೈಪಿನ ತುದಿಗಳಿಗೂ ಲೇತ್‌ನಲ್ಲಿ ಬುಶ್ (ಬಳೆಯಂಥ ತುಂಡು) ಕಡೆದು ಕೂರಿಸಿ, ಒಂದು ತುದಿಯಿಂದ ಇನ್ನೊಂದಕ್ಕೆ ದಪ್ಪ ನೇರ ಬಾರ್ ತೂರಿಸಿ, ಅದು ಒಳಗಿರುವಾಗಲೇ ವೆಲ್ಡ್ ಮಾಡಬೇಕು. ಒಂದಿಂಚು ಈಚೆ, ಒಂದಿಂಚು ಎದುರು ಬದಿ. ಪ್ರತಿ ಸಲ ತಣಿಯಲು ಬಿಟ್ಟು ಬಾರ್ ಕೈಯಲ್ಲಿ ತಿರುಗುತ್ತದಾ ನೋಡಬೇಕು. ಇಡೀ ದಿನದ ಕೆಲಸ.

ನಮ್ಮ ಊರಿನ ಎರಡು ಕಾಟ ಬೇರೆ. ಮಳೆಗಾಲದಲ್ಲಿ 7018 ವೆಲ್ಡಿಂಗ್ ರಾಡ್ ತೇವ ಹೀರುತ್ತದೆ, ಓವನ್‌ನಲ್ಲಿ ಒಣಗಿಸದೆ ಹೊಡೆದರೆ ವೆಲ್ಡ್ ಒಳಗೇ ಬಿರುಕು ಬಿಡಬಹುದು. ಗಾಡಿ ಮಲ್ಪೆ ಬಂದರಿನಲ್ಲಿ ಮೀನು ಸಾಗಿಸಿದ್ದಾದರೆ ಉಪ್ಪುನೀರು ಬಿದ್ದು ಪೈಪ್ ತಿಂದಿರುತ್ತದೆ. ತುಕ್ಕು ಕೆರೆದು ದಪ್ಪ ನೋಡದೆ ಕತ್ತರಿಸಬೇಡಿ. ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಪೈಪ್ ಹೇಗೂ ಹೊಸದಾಗಿ ಮಾಡಿಸಬೇಕು.

ಕಾನೂನು ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗಾಗಿ ರಸ್ತೆಯಲ್ಲಿ ಓಡುವ ಗಾಡಿಗೆ ನಾನು ಈಗ ಈ ಕೆಲಸ ಹಿಡಿಯುವುದಿಲ್ಲ. ರಿಮ್ ಅಗಲ ಮಾಡಿದ್ದಕ್ಕೂ ಆರ್‌ಟಿಓದವರು ಕೇಳಬಹುದು, ಅದೂ ನೆನಪಿರಲಿ.

ಮೂರು ಅಳತೆ ಕಳಿಸಿ: ರಿಮ್‌ನ ಬ್ಯಾಕ್‌ಸ್ಪೇಸ್, ಪ್ಲೇಟಿನಿಂದ ಮಡ್‌ಗಾರ್ಡ್ ಒಳಮುಖದವರೆಗಿನ ಜಾಗ, ಗಾಳಿ ತುಂಬಿದ ಟಯರಿನ ಹೊಟ್ಟೆಯ ಅಗಲ. ರಿಮ್ ಬದಲಿಸಿದರೆ ಸಾಕಾ ಇಲ್ಲವಾ ಅಂತ ಲೆಕ್ಕ ಹಾಕಿ ಹೇಳುತ್ತೇನೆ.