ಇನ್ನೊಂದು ಸುತ್ತಿಗೆ ಕೊಚ್ಚಿಗೆ ಹೋಗಲೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಎಂ.ಕಾಂ. ಮುಗಿಸಿ ಕೊಚ್ಚಿಯ ಕಂಪನಿಯೊಂದಕ್ಕೆ ಅರ್ಜಿ ಹಾಕಿದೆ. ಫೋನಿನಲ್ಲಿ ಮಾತಾಡಿಸಿದರು, ಆನ್‌ಲೈನ್ ಪರೀಕ್ಷೆ ಮಾಡಿದರು, ಒಬ್ಬ ವ್ಯಾಪಾರಿಯ ಇಡೀ ವರ್ಷದ ಜಿಎಸ್‌ಟಿ ಲೆಕ್ಕ ತಾಳೆ ಮಾಡಿಸಿದರು. ಆಮೇಲೆ ಕರೆಸಿ, ಮಧ್ಯಾಹ್ನದವರೆಗೆ ಕೂರಿಸಿ, ಮಲಯಾಳದ ಪತ್ರವೊಂದನ್ನು ಓದಲು ಹೇಳಿದರು. ನಾನು ತಡವರಿಸಿದಾಗ ನಕ್ಕರು. ಮದುವೆ ಯಾವಾಗ ಎಂದೂ ಕೇಳಿದರು. ಬಳಿಕ ಸುದ್ದಿಯೇ ಇಲ್ಲ. ಈಗ ಇನ್ನೊಂದು ಸುತ್ತು ಇದೆ, ಬನ್ನಿ ಎನ್ನುತ್ತಿದ್ದಾರೆ. ಅಪ್ಪ ಹೋಗು ಎನ್ನುತ್ತಾರೆ. ನಾನೇ ದಡ್ಡಿಯೇನೋ ಅನ್ನಿಸಿಬಿಟ್ಟಿದೆ.

ಉತ್ತರ: ದಡ್ಡಿ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ನಿಮ್ಮ ಪತ್ರವನ್ನು ಇಲ್ಲಿ ಚುಟುಕಾಗಿಸಿದ್ದೇನೆ; ಅದರಲ್ಲಿ, 2ಬಿಯಲ್ಲಿ (ಮಾರಿದವರ ರಿಟರ್ನ್‌ಗಳಿಂದ ಕೊಂಡವರಿಗೆ ಸಿದ್ಧವಾಗುವ ಜಿಎಸ್‌ಟಿ ಪಟ್ಟಿ) ಕಾಣದ ಬಿಲ್ಲುಗಳನ್ನು ಬೇರೆ ಮಾಡಿ, ಮಾರಿದವರು ರಿಟರ್ನ್ ಸಲ್ಲಿಸದೆ ವ್ಯಾಪಾರಿಯ ಲೆಕ್ಕಕ್ಕೆ ಬಾರದೆ ಸಿಕ್ಕಿಕೊಂಡ ತೆರಿಗೆ ಎಷ್ಟೆಂದು ತೋರಿಸಿಕೊಟ್ಟೆ ಎಂದು ಬರೆದಿದ್ದೀರಿ. ಲೆಕ್ಕ ಬಾರದವರಿಂದ ಆಗುವ ಕೆಲಸವಲ್ಲ ಅದು.

ಆ ಹಾಳೆಯಲ್ಲಿ ವ್ಯಾಪಾರಿಯ ಹೆಸರೂ 32ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ನಂಬರೂ ಹಾಗೆಯೇ ಇದ್ದವು ಎಂದೂ ಬರೆದಿದ್ದೀರಿ. 32 ಕೇರಳದ ಸಂಖ್ಯೆ. ಅಂದರೆ ಅದು ಅವರ ಗಿರಾಕಿಯದೇ ಲೆಕ್ಕ ಇರಬೇಕು. ಪರೀಕ್ಷೆಯ ಹೆಸರಿನಲ್ಲಿ ನಿಮ್ಮಿಂದ ಬಿಟ್ಟಿ ದುಡಿಸಿಕೊಂಡಿದ್ದಾರೆ ಎಂದೇ ನನ್ನ ಅನುಮಾನ, ಓದುತ್ತ ಸಿಟ್ಟೂ ಬಂತು. ಗಿರಾಕಿಯ ಗುಟ್ಟನ್ನು ಹೀಗೆ ಹೊರಗಿನವರಿಗೆ ಕಳಿಸುವವರು ಕೆಲಸದವರನ್ನು ಹೇಗೆ ನೋಡಿಕೊಂಡಾರು? ಮುಂದೆ ಯಾರಾದರೂ ಇಂಥದ್ದು ಕೊಟ್ಟರೆ ಹೆಸರು ತೆಗೆದ, ಒಂದು ತಿಂಗಳ ಮಾದರಿ ಲೆಕ್ಕ ಸಾಕು ಎಂದು ಕೇಳಿ.

ಮದುವೆಯ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿರಲಿಲ್ಲ. ಒಂದೇ ಬಗೆಯ ಕೆಲಸಕ್ಕೆ ಆಳು ತೆಗೆದುಕೊಳ್ಳುವಾಗ ಹೆಣ್ಣು-ಗಂಡೆಂಬ ಭೇದ ಮಾಡಬಾರದೆಂದು 1976ರ ಸಮಾನ ಸಂಭಾವನೆ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಇನ್ನು ಯಾರಾದರೂ ಕೇಳಿದರೆ "ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಸರ್?" ಎಂದು ಮೆತ್ತಗೆ ಕೇಳಿ ಸುಮ್ಮನಾಗಿ.

ಮಲಯಾಳದ ವಿಷಯ ನಿಮ್ಮನ್ನು ಹೆಚ್ಚು ಚುಚ್ಚಿದೆ, ನನಗೂ ಅರ್ಥವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಕನ್ನಡ ಶಾಲೆಯ ಮಕ್ಕಳು ಎದುರಿಸುತ್ತ ಬಂದ ಪೇಚು ಇದು. ಸಂತೆಯಲ್ಲಿ, ಬಸ್ಸಿನಲ್ಲಿ ಮಾತು ಬರುತ್ತದೆ, ಓದಲು ಕೂತರೆ ಅಕ್ಷರ ಕೈಕೊಡುತ್ತದೆ. ನಕ್ಕವರದು ಸಣ್ಣತನ. ಮಲಯಾಳ ಓದಲೇಬೇಕಿದ್ದರೆ ಜಾಹೀರಾತಿನಲ್ಲೇ ಹಾಕಬಹುದಿತ್ತಲ್ಲ? ಆದರೂ ಅಕ್ಷರ ಕಲಿಯಿರಿ, ಅವರಿಗಾಗಿ ಅಲ್ಲ. ಕೇರಳದ ಯಾವ ಕಚೇರಿಯಲ್ಲಿ ಕೂತರೂ ಅದು ಬೇಕಾಗುತ್ತದೆ. ದಿನಾ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುವ ರೂಢಿ ಮಾಡಿಕೊಳ್ಳಿ.

ಹೋಗಬೇಕೇ ಬೇಡವೇ ಎಂದರೆ, ಈಗಲೇ ಹೋಗಬೇಡಿ. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಹೊತ್ತಲ್ಲದ ಹೊತ್ತಿನಲ್ಲಿ ಕೊಚ್ಚಿಯ ಎರ್ನಾಕುಳದಲ್ಲಿ ಇಳಿಯುವುದು ಸುಮ್ಮನೆ ಆಗುವ ಮಾತಲ್ಲ. ಮೊದಲು ಮೇಲ್ ಹಾಕಿ: "ಇದೇ ಕೊನೆಯ ಸುತ್ತೇ? ಸಂಬಳ ಎಷ್ಟು? ತೀರ್ಮಾನ ಮಾಡುವವರು ಅಂದು ಇರುತ್ತಾರೆಯೇ? ವಿಡಿಯೊ ಕರೆಯಲ್ಲಿ ಮುಗಿಸಬಹುದೇ? ಬರಲೇಬೇಕಿದ್ದರೆ ಪ್ರಯಾಣದ ಖರ್ಚು ಕೊಡುತ್ತೀರಾ?" ಫೋನಿನಲ್ಲಿ ಉತ್ತರಿಸಿದರೆ "ದಯವಿಟ್ಟು ಮೇಲ್‌ನಲ್ಲಿ ಬರೆದು ಕಳಿಸಿ" ಎನ್ನಿ. ನೇರವಾಗಿ ಉತ್ತರ ಬಂದರೆ ಹೋಗಿ ಬನ್ನಿ. ಒಂದು ವಾರದಲ್ಲಿ ಬಾರದಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಅಪ್ಪನಿಗೆ ಆ ಮೇಲ್ ಓದಿ ಹೇಳಿ. ಮಗಳು ಹೆದರಿ ಹಿಂದೆ ಸರಿಯುತ್ತಿದ್ದಾಳೆ ಎಂಬ ಚಿಂತೆ ಅವರಿಗಿರಬಹುದು, ಕೇಳಬೇಕಾದ್ದನ್ನು ಕೇಳಿದ್ದೀರಿ ಎಂದು ಗೊತ್ತಾದರೆ ಒಪ್ಪುತ್ತಾರೆ. ಈ ಮಧ್ಯೆ ಮಂಗಳೂರಿನ ಲೆಕ್ಕಪರಿಶೋಧಕರ ಕಚೇರಿಗಳಿಗೂ ಅರ್ಜಿ ಕಳಿಸುತ್ತಿರಿ. ಕಾಸರಗೋಡಿನಿಂದ ಬಸ್ಸಿಗೂ ರೈಲಿಗೂ ಬರವಿಲ್ಲ, ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು.