ಕ್ಯಾಶುಯಾಲ್ಟಿಯಲ್ಲಿ ಯಾರೂ ಕೇಳದ ಪ್ರಶ್ನೆ

ಹೆಸರು ಹಾಕಬೇಡಿ ಎಂದು ಸೋದರತ್ತೆಯೊಬ್ಬರು ಬರೆದಿದ್ದಾರೆ: "ಪಿಯುಸಿ ಓದುವ ಅಣ್ಣನ ಮಗಳು ಜೀವ ಕಳೆದುಕೊಳ್ಳಲು ಹೋಗಿದ್ದಳು. ಆಸ್ಪತ್ರೆಯವರು ಉಳಿಸಿಕೊಟ್ಟರು. ಅಪ್ಪ ಅಮ್ಮನ ಮುಖವಾದರೂ ನೆನಪಾಗಲಿಲ್ವಾ ಎಂದು ಅಲ್ಲೇ ಒಬ್ಬರು ಬೈದರು. ಮೂರನೇ ದಿನ ಡಿಸ್ಚಾರ್ಜ್. ಏನಾಗಿತ್ತು ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾವು ಕೇಳಬಹುದೇ? ಕೇಳಿದರೆ ಮತ್ತೆ ಅದೇ ತಲೆಗೆ ಬಂದೀತೇ? ಪೊಲೀಸ್ ಕೇಸ್ ಆಗುತ್ತದೆಯೇ?"

ಅಮ್ಮಾ, ಪೊಲೀಸರ ಮಾತು ಮೊದಲು ಮುಗಿಸಿಬಿಡೋಣ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ದಾಖಲೆ) ಬರೆಯಬಹುದು, ಪೊಲೀಸರು ಹೇಳಿಕೆ ಪಡೆಯಬಹುದು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ (ಐಪಿಸಿ) 309ನೇ ಕಲಮು 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಾಗ ಉಳಿಯಲೇ ಇಲ್ಲ. ಹೆದರಿ ವೈದ್ಯರಿಗೇ ಸುಳ್ಳು ಹೇಳಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಕೇಳಬಹುದೇ? ಕೇಳಲೇಬೇಕು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅಮೆರಿಕದಲ್ಲಿ ಮಕ್ಕಳ ತುರ್ತು ಘಟಕಗಳಿಗೆಂದು ಸಿದ್ಧಪಡಿಸಿದ ನಾಲ್ಕು ಪ್ರಶ್ನೆಗಳಿವೆ. ಸುತ್ತಿ ಬಳಸದೆ, ಸಾಯಬೇಕು ಅನ್ನಿಸಿತ್ತೇ ಎಂದೇ ಕೇಳುತ್ತಾರೆ. ಆಗ ಹೆತ್ತವರು ಹೊರಗಿರಬೇಕು. ನಮ್ಮಲ್ಲಿ ಮಂಚದ ಸುತ್ತ ಹತ್ತು ಜನ, ಹುಡುಗಿಯ ಪರವಾಗಿ ಉತ್ತರ ಹೇಳುವವರೂ ಅವರೇ!

ಮನೆಗೆ ಬಂದ ಮೊದಲ ಕೆಲವು ವಾರಗಳೇ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈಯೂ ಸೇರಿದಂತೆ ಐದು ದೇಶಗಳ ತುರ್ತು ಘಟಕಗಳಲ್ಲಿ ಇಂಥ 1,867 ಜನರನ್ನು ಎರಡು ಗುಂಪು ಮಾಡಿ ನೋಡಿತು. ಒಂದಕ್ಕೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ, ಮನೆಗೆ ಹೊರಡುವಾಗ ಒಂದು ಗಂಟೆಯ ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನು ಇಲ್ಲವೇ ಭೇಟಿ. 2008ರಲ್ಲಿ ಫಲಿತಾಂಶ ಬಂತು: ಆತ್ಮಹತ್ಯೆಯಿಂದ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ 2.2, ಎರಡನೆಯದರಲ್ಲಿ ಶೇ 0.2. ಬರೀ ಹದಿಹರೆಯದವರ ಲೆಕ್ಕವಲ್ಲ ಇದು, ನಿಜ. ಆದರೂ "ಹೇಗಿದ್ದೀಯಮ್ಮ" ಎಂದು ವಿಚಾರಿಸಲು ಯಾವ ದೊಡ್ಡ ಯಂತ್ರ ಬೇಕಿತ್ತು?

ಬೈದವರ ಮೇಲೆ ನನಗೂ ಸಿಟ್ಟು ಬಂತು. ಆದರೆ ಇಂಥ ಸುದ್ದಿಗೆ "ಫೇಲಾದ ವಿದ್ಯಾರ್ಥಿನಿ" ಎಂದು ತಲೆಬರಹ ಕೊಟ್ಟ ಪಾಪ ನಮ್ಮ ಕಚೇರಿಗೂ ಅಂಟಿದೆ.

ಈ ವಾರವೇ ಅವಳನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಮನೆಯ ಮಾತ್ರೆ, ಹೊಲದ ಔಷಧಿಗೆ ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅವಳ ಫೋನಿನಲ್ಲೂ ಆ ನಂಬರ್ ಹಾಕಿಕೊಡಿ, ನಿಮ್ಮದರ ಪಕ್ಕದಲ್ಲೇ.